ಹರಿಯುವ ನೀರು, ನಿಲ್ಲುವ ಕಲ್ಲು: ಕುಮಾರಧಾರೆಯ ದಂಡೆಯಲ್ಲಿ ಒಂದು ತತ್ತ್ವವಿಚಾರದ ಚರಿತ್ರೆ

ಸುಬ್ರಹ್ಮಣ್ಯದ ಬೆನ್ನಿಗಿರುವ ಕುಮಾರಪರ್ವತದಲ್ಲಿ ಹುಟ್ಟುವ ಕುಮಾರಧಾರೆಯು ಕಾಡನ್ನೂ ಕಂಗಿನ ತೋಟಗಳನ್ನೂ ಕಡಬದ ಸೀಮೆಯನ್ನೂ ದಾಟಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಸ್ನಾನಘಟ್ಟದ ಮೆಟ್ಟಿಲಲ್ಲಿ ನಿಂತವರನ್ನು 'ಯಾವುದು ಕುಮಾರಧಾರೆ?' ಎಂದು ಕೇಳಿದರೆ ಎದುರಿನ ನೀರನ್ನು ತೋರಿಸುತ್ತಾರೆ. ಆದರೆ ತೋರಿಸುವಷ್ಟರಲ್ಲಿ ಆ ನೀರು ಅಲ್ಲಿರುವುದಿಲ್ಲ. ನಾಳೆ ಬರುವ ನೀರು ಇನ್ನೂ ಮೋಡದಲ್ಲಿದೆ. ಹಾಗಿದ್ದರೆ ನದಿಯೆಂಬುದು ಒಂದು ವಸ್ತುವೋ, ನಡೆಯುತ್ತಿರುವ ಒಂದು ಕ್ರಿಯೆಯೋ?

ವಿದ್ಯಾರ್ಥಿ ಮಿತ್ರರೇ, ಇದು ಮಾತಿನ ಚಮತ್ಕಾರವಲ್ಲ. ಎರಡೂವರೆ ಸಾವಿರ ವರ್ಷಗಳಿಂದ ತತ್ತ್ವಶಾಸ್ತ್ರವನ್ನು ಎರಡು ಪಕ್ಷಗಳಾಗಿ ಒಡೆದ ಪ್ರಶ್ನೆಯಿದು. ಜಗತ್ತು ಮೊದಲು ವಸ್ತುಗಳಿಂದಾಗಿದೆ, ಬದಲಾವಣೆ ಆ ವಸ್ತುಗಳಿಗೆ ಆಗುವಂಥದ್ದು ಎನ್ನುವುದು ಒಂದು ಪಕ್ಷ. ಜಗತ್ತು ಮೊದಲು ಆಗುವಿಕೆ, ವಸ್ತುವೆಂದು ನಾವು ಕರೆಯುವುದು ಆ ಆಗುವಿಕೆ ಸ್ವಲ್ಪ ಹೊತ್ತು ತಾಳಿದ ರೂಪ ಎನ್ನುವುದು ಇನ್ನೊಂದು. ಈ ಎರಡನೆಯ ಪಕ್ಷಕ್ಕೆ ಇಪ್ಪತ್ತನೆಯ ಶತಮಾನದಲ್ಲಿ 'ಪ್ರಕ್ರಿಯಾ ದರ್ಶನ' ಎಂಬ ಹೆಸರು ಬಂತು. ಹೆಸರು ಹೊಸದು, ವಿಚಾರ ಹಳೆಯದು. ಪುತ್ತೂರು, ಸುಳ್ಯ, ಕಡಬದ ನೆಲದಲ್ಲಿ ಇದಕ್ಕೆ ತನ್ನದೇ ಆದ ಚರಿತ್ರೆಯೂ ಉಂಟು.

ಮೊದಲು ಹೊರಗಿನ ಕಥೆಯನ್ನು ಚುಟುಕಾಗಿ ನೋಡೋಣ. ಗ್ರೀಸಿನ ಹೆರಾಕ್ಲಿಟಸ್ ನದಿಯ ಉದಾಹರಣೆಯನ್ನೇ ಹಿಡಿದು ಎಲ್ಲವೂ ಹರಿಯುತ್ತಿದೆ ಎಂಬ ಅರ್ಥದ ಮಾತಾಡಿದ. 1890ರಲ್ಲಿ ಅಮೆರಿಕದ ವಿಲಿಯಂ ಜೇಮ್ಸ್ ತನ್ನ ಮನಶ್ಶಾಸ್ತ್ರದ ಗ್ರಂಥದಲ್ಲಿ ಪ್ರಜ್ಞೆಯನ್ನು ಸರಪಳಿಗೆ ಹೋಲಿಸಬಾರದು, ತೊರೆಗೆ ಹೋಲಿಸಬೇಕು ಎಂದ. ಫ್ರಾನ್ಸಿನ ಹೆನ್ರಿ ಬರ್ಗ್‌ಸನ್ ಗಡಿಯಾರ ತೋರಿಸುವ ಕಾಲ ಬೇರೆ, ನಾವು ಬದುಕುವ ಕಾಲ ಬೇರೆ ಎಂದು ವಾದಿಸಿದ. ಆತನಿಗೆ 1927ರ ಸಾಹಿತ್ಯದ ನೊಬೆಲ್ ಪ್ರಶಸ್ತಿ ದೊರೆಯಿತು. ಇವರೆಲ್ಲರಿಗಿಂತ ಕಷ್ಟದ ಭಾಷೆಯಲ್ಲಿ, ಆದರೆ ಎಲ್ಲರಿಗಿಂತ ಪೂರ್ಣವಾಗಿ ಈ ವಿಚಾರವನ್ನು ಕಟ್ಟಿದವನು ಇಂಗ್ಲೆಂಡಿನ ಆಲ್ಫ್ರೆಡ್ ನಾರ್ತ್ ವೈಟ್‌ಹೆಡ್ (1861–1947). ಆತ ಮೂಲತಃ ಗಣಿತಜ್ಞ. 1910ರಿಂದ 1913ರವರೆಗೆ ಬರ್ಟ್ರಂಡ್ ರಸೆಲ್ಲನ ಜೊತೆ ಗಣಿತದ ತಳಹದಿಯನ್ನು ಕುರಿತು ಮೂರು ಮಹಾಸಂಪುಟಗಳನ್ನು ಪ್ರಕಟಿಸಿದವನು. ಅರುವತ್ತು ದಾಟಿದ ಮೇಲೆ, 1924ರಲ್ಲಿ, ಹಾರ್ವರ್ಡಿಗೆ ತತ್ತ್ವಶಾಸ್ತ್ರದ ಅಧ್ಯಾಪಕನಾಗಿ ಹೋದ. 1927–28ರಲ್ಲಿ ಎಡಿನ್‌ಬರೋದಲ್ಲಿ ಆತ ಕೊಟ್ಟ ಉಪನ್ಯಾಸಗಳ ಮೊದಲ ದಿನ ಸಭೆ ತುಂಬಿತ್ತಂತೆ, ಕೊನೆಗೆ ಉಳಿದವರು ಬೆರಳೆಣಿಕೆಯ ಮಂದಿಯಂತೆ. ಆ ಉಪನ್ಯಾಸಗಳೇ 1929ರಲ್ಲಿ 'ಪ್ರೋಸೆಸ್ ಅಂಡ್ ರಿಯಾಲಿಟಿ' ಎಂಬ ಗ್ರಂಥವಾದವು. ಮೊದಲ ಓದಿಗೆ ಅರ್ಥವಾಗಲಿಲ್ಲವೆಂದು ಯಾರೂ ಬೇಸರಪಡಬೇಕಾಗಿಲ್ಲ!

ಆತನ ಮೂರು ಮಾತುಗಳನ್ನು ಮಾತ್ರ ನೆನಪಿಟ್ಟುಕೊಂಡರೆ ಸಾಕು. ಜಗತ್ತಿನ ಕಟ್ಟಕಡೆಯ ಘಟಕಗಳು ಕಣಗಳಲ್ಲ, ಘಟನೆಗಳು. ಪ್ರತಿಯೊಂದು ಘಟನೆಯೂ ತನ್ನ ಹಿಂದಿನ ಜಗತ್ತನ್ನು ತನ್ನೊಳಕ್ಕೆ ಎಳೆದುಕೊಂಡು ರೂಪುಗೊಳ್ಳುತ್ತದೆ, ಹೀಗಾಗಿ ಕಳೆದದ್ದು ಸತ್ತುಹೋಗುವುದಿಲ್ಲ, ಈಗಿನದರ ಒಳಗೆ ಕೂತಿರುತ್ತದೆ. ಅನುಭವವೆಂಬುದು ಪ್ರಜ್ಞೆಗಿಂತ ದೊಡ್ಡದು: 'ನಾನು' ಎಂದು ಎಚ್ಚರವಾಗಿರುವ ಪ್ರಜ್ಞೆಯು ಅನುಭವದ ತೆರೆಯ ಮೇಲಿನ ನೊರೆಯಷ್ಟೆ. ಇದರ ಜೊತೆಗೆ ಆತನ ಒಂದು ಎಚ್ಚರಿಕೆಯೂ ಇದೆ. ಲೆಕ್ಕಕ್ಕಾಗಿ ನಾವೇ ಕತ್ತರಿಸಿಕೊಂಡ ಅಮೂರ್ತ ತುಣುಕನ್ನು ನಿಜವಾದ ವಸ್ತುವೆಂದು ನಂಬಿಬಿಡುವ ತಪ್ಪನ್ನು ಮಾಡಬಾರದು.

ಈ ತಪ್ಪಿಗೆ ಉದಾಹರಣೆ ಬೇಕಾದರೆ ದೂರ ಹೋಗಬೇಕಾಗಿಲ್ಲ. ಪುತ್ತೂರು, ಸುಳ್ಯದ ಸೀಮೆ 1834ರವರೆಗೆ ಕೊಡಗಿನ ಅರಸರದು. ಆ ವರ್ಷ ಕೊಡಗು ಕಂಪನಿ ಸರಕಾರದ ವಶವಾದಾಗ ಈ ಸೀಮೆಯನ್ನು ಕತ್ತರಿಸಿ ಕೆನರಾ ಜಿಲ್ಲೆಗೆ ಅಂಟಿಸಲಾಯಿತು. ನಕ್ಷೆಯ ಗೆರೆ ಸುಲಭವಾಗಿ ಬದಲಾಯಿತು, ಬದುಕು ಬದಲಾಗಲಿಲ್ಲ. 1837ರಲ್ಲಿ ಅಮರಸುಳ್ಯದ ರೈತರು ಬಂಡೆದ್ದು ಬೆಳ್ಳಾರೆಯ ಖಜಾನೆಯನ್ನು ಹಿಡಿದು ಮಂಗಳೂರಿಗೂ ನುಗ್ಗಿದರು. ಮುಂದೆ ಪುತ್ತೂರಿನಿಂದ ಸುಳ್ಯ ಬೇರೆ ತಾಲೂಕಾಯಿತು, ಇತ್ತೀಚೆಗೆ ಎರಡರ ಗ್ರಾಮಗಳನ್ನೂ ಸೇರಿಸಿ ಕಡಬ ತಾಲೂಕು ರೂಪುಗೊಂಡಿತು. ಸುಳ್ಯದಲ್ಲಿದ್ದ ಸುಬ್ರಹ್ಮಣ್ಯ ಒಂದಂಗುಲವೂ ಕದಲದೆ ಕಡಬಕ್ಕೆ ಬಂತು. ತಾಲೂಕು ಕಾಗದದ ಮೇಲೆ ವಸ್ತು. ಜನರ ಮಟ್ಟಿಗೆ ಅದು ಯಾವ ಸಂತೆ, ಯಾವ ಕಚೇರಿ, ಯಾವ ಬಸ್ಸು ಎಂಬ ಓಡಾಟ.

ನಮ್ಮ ದೇಶದಲ್ಲಿ ಈ ವಾದವನ್ನು ಅತ್ಯಂತ ತೀಕ್ಷ್ಣವಾಗಿ ಮಂಡಿಸಿದವರು ಬೌದ್ಧರು. ಇರುವುದೆಲ್ಲ ಕ್ಷಣಿಕ, ದೀಪದ ಉರಿಯ ಹಾಗೆ ಒಂದರ ಬೆನ್ನಿಗೊಂದು ಕ್ಷಣ, ನಡುವೆ 'ಆತ್ಮ'ವೆಂಬ ಗಟ್ಟಿ ಗೂಟವಿಲ್ಲ ಎಂಬುದು ಅವರ ವಾದ. ಬೌದ್ಧರ ಹೆಜ್ಜೆ ತುಳುನಾಡಿಗೂ ಬಂದಿತ್ತು. ಮಂಗಳೂರಿನ ಕದ್ರಿಯಲ್ಲಿ ಆಳುಪ ಅರಸ ಕುಂದವರ್ಮ 968ರಲ್ಲಿ ಪ್ರತಿಷ್ಠೆ ಮಾಡಿಸಿದ ಲೋಕೇಶ್ವರನ ಕಂಚಿನ ಮೂರ್ತಿ ಇಂದಿಗೂ ಇದೆ, ಅದರ ಪೀಠದ ಶಾಸನ ಆ ಸ್ಥಳವನ್ನು 'ವಿಹಾರ' ಎಂದೇ ಕರೆಯುತ್ತದೆ. ಜೈನರದು ಜಾಣ ಮಧ್ಯಮಾರ್ಗ. ಹುಟ್ಟುವುದು, ಅಳಿಯುವುದು, ಉಳಿಯುವುದು ಮೂರೂ ಒಂದೇ ವಸ್ತುವಿನ ಲಕ್ಷಣ ಎಂದರು ಅವರು. ಚಿನ್ನದ ಬಳೆಯನ್ನು ಕರಗಿಸಿ ಸರ ಮಾಡಿದರೆ ಬಳೆ ಅಳಿಯಿತು, ಸರ ಹುಟ್ಟಿತು, ಚಿನ್ನ ಉಳಿಯಿತು.

ಇದಕ್ಕೆ ಎದುರಾಗಿ ಗಟ್ಟಿಯಾಗಿ ನಿಂತವರು ಹದಿಮೂರನೆಯ ಶತಮಾನದ ಮಧ್ವಾಚಾರ್ಯರು. ಅವರ ತಮ್ಮ ವಿಷ್ಣುತೀರ್ಥರು ಕುಮಾರಪರ್ವತದಲ್ಲಿ ತಪಸ್ಸು ಮಾಡಿದರೆಂದು ಸಂಪ್ರದಾಯ ಹೇಳುತ್ತದೆ, ಸುಬ್ರಹ್ಮಣ್ಯ ಮಠದ ಪರಂಪರೆ ಅವರನ್ನೇ ಮೂಲಪುರುಷರೆಂದು ಗೌರವಿಸುತ್ತದೆ. ಹಾಗಾಗಿ ಮಾಧ್ವ ವಾದವೂ ಈ ಹೊಳೆಯ ದಂಡೆಯದೇ. ಜಗತ್ತು ಸತ್ಯ, ಜೀವ ಜೀವಗಳ ನಡುವಿನ ಭೇದ ಸತ್ಯ, ಜ್ಞಾನದ ಸರಿತಪ್ಪನ್ನು ಕೊನೆಗೆ ತೀರ್ಮಾನಿಸುವವನು ಒಳಗಿನ 'ಸಾಕ್ಷಿ' ಎಂಬುದು ಮಧ್ವರ ನಿಲುವು. ಕ್ಷಣಿಕವಾದಕ್ಕೆ ವೇದಾಂತಿಗಳು ಹಾಕುತ್ತಿದ್ದ ಪ್ರಶ್ನೆ ಸರಳವಾದದ್ದು, ತಪ್ಪಿಸಿಕೊಳ್ಳಲಾಗದ್ದು: ನಿನ್ನೆ ನೋಡಿದವನು ಇಂದಿಲ್ಲವಾದರೆ 'ನಿನ್ನೆ ನಾನು ನೋಡಿದ್ದೆ' ಎಂದು ಇಂದು ನೆನೆಯುವವನು ಯಾರು? ಸಾಲ ತೆಗೆದುಕೊಂಡವನು ಒಂದು ಕ್ಷಣ, ತೀರಿಸಬೇಕಾದವನು ಇನ್ನೊಂದು ಕ್ಷಣ ಎಂದರೆ ವ್ಯವಹಾರ ನಡೆದೀತೇ? ಪ್ರಕ್ರಿಯೆಯ ಪಕ್ಷದವರು ಇಂದಿಗೂ ಬೆವರುವುದು ಈ ಪ್ರಶ್ನೆಗೇ.

ಆದರೆ ಮಧ್ವರು ಬದಲಾವಣೆಯನ್ನು ಹೊರಗಟ್ಟಿದರೆಂದು ತಿಳಿದರೆ ತಪ್ಪಾದೀತು. ನಿತ್ಯವಾದ ವಸ್ತುಗಳಿಗೂ 'ಸೃಷ್ಟಿ' ಉಂಟು ಎನ್ನುತ್ತಾರೆ ಅವರು. ಭಗವಂತನ ಅಧೀನದಲ್ಲಿ ಅವು ಹೊಸ ಹೊಸ ವಿಶೇಷಗಳನ್ನು ಪಡೆಯುತ್ತಾ ಹೋಗುವುದೇ ಆ ಸೃಷ್ಟಿ. ಶಾಸ್ತ್ರದಲ್ಲಿ ಇದಕ್ಕೆ 'ಪರಾಧೀನವಿಶೇಷಾಪ್ತಿ' ಎಂಬ ಹೆಸರಿದೆ. ವಸ್ತು ನಿಂತಿದೆ, ಆದರೆ ನಿಂತಲ್ಲೇ ನಿಂತಿಲ್ಲ. ನಮ್ಮ ಪಠ್ಯಗಳು ದ್ವೈತವನ್ನು 'ಐದು ಭೇದಗಳು' ಎಂಬ ಒಂದು ಸಾಲಿನ ಉತ್ತರಕ್ಕೆ ಇಳಿಸಿ ಈ ಸೂಕ್ಷ್ಮವನ್ನು ಕೈಬಿಟ್ಟಿರುವುದು ವಿದ್ಯಾರ್ಥಿಗಳಿಗೆ ಆದ ನಷ್ಟವೇ.

ಇಷ್ಟು ಶಾಸ್ತ್ರ ಬಲ್ಲವರ ಮಾತು. ಶಾಸ್ತ್ರ ಓದದವರು ಏನು ಯೋಚಿಸಿದ್ದರು? ಈ ಸೀಮೆಯ ನಿಜವಾದ ಶ್ರೀಮಂತಿಕೆ ಇರುವುದು ಅಲ್ಲಿ.

ತುಳುವರ ಪಾಡ್ದನಗಳಲ್ಲಿ ಎರಡು ಮಾತುಗಳು ಮತ್ತೆ ಮತ್ತೆ ಬರುತ್ತವೆ: ಜೋಗ ಮತ್ತು ಮಾಯ. ಜೋಗವೆಂದರೆ ಕಣ್ಣಿಗೆ ಕಾಣುವ, ಕೈಗೆ ಸಿಕ್ಕುವ ಇರವು. ಮಾಯವೆಂದರೆ ಕಾಣದ ಇರವು. ಇದು ವೇದಾಂತದ ಮಾಯೆಯಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಶಂಕರರ ಮಾಯೆ ನಿಜವಲ್ಲದ್ದನ್ನು ನಿಜವೆಂದು ತೋರಿಸುತ್ತದೆ. ತುಳುವಿನ ಮಾಯ ಸುಳ್ಳಲ್ಲ, ಅದು ಇನ್ನೊಂದು ಬಗೆಯ ನಿಜ. ಪಾಡ್ದನದ ವೀರರು ಸಾಯುವುದಿಲ್ಲ, ಕಾಯ ಬಿಟ್ಟು ಮಾಯಕ್ಕೆ ಸಲ್ಲುತ್ತಾರೆ. ಕರೆದಾಗ ಮಾಯದಿಂದ ಮತ್ತೆ ಜೋಗಕ್ಕೆ ಬರುತ್ತಾರೆ. ಇರುವುದು, ಇಲ್ಲದಿರುವುದು ಎಂಬ ಎರಡು ಕೋಣೆಗಳ ನಡುವೆ ಇಲ್ಲಿ ಗೋಡೆಯಿಲ್ಲ, ಹಾದು ಹೋಗುವ ದಾರಿ ಇದೆ.

ಪುತ್ತೂರು ತಾಲೂಕಿನ ಪಡುಮಲೆಯಲ್ಲಿ ಹುಟ್ಟಿದ ಕೋಟಿ ಚೆನ್ನಯರ ಕಥೆಯನ್ನೇ ನೋಡಿ. ತಾಯಿ ದೇಯಿ ಬೈದೆದಿ ಮದ್ದು ಬಲ್ಲವಳು, ಬಲ್ಲಾಳನ ಪ್ರಾಣ ಉಳಿಸಿದವಳು. ಅವಳ ಮಕ್ಕಳಿಗೆ ಪಡುಮಲೆಯಲ್ಲಿ ಅನ್ಯಾಯವಾಗುತ್ತದೆ. ಪಂಜ, ಎಣ್ಮೂರು ಎಂದು ಅಲೆದು ಕೊನೆಗೆ ಎಣ್ಮೂರಿನ ಕಾಳಗದಲ್ಲಿ ಅವರ ಕಾಯ ಬೀಳುತ್ತದೆ. ಚರಿತ್ರೆಯ ಪುಸ್ತಕದ ಲೆಕ್ಕದಲ್ಲಿ ಕಥೆ ಅಲ್ಲಿಗೆ ಮುಗಿಯಬೇಕು. ತುಳುನಾಡಿನಲ್ಲಿ ಅದು ಅಲ್ಲಿಂದ ಶುರುವಾಗುತ್ತದೆ. ಅರುವತ್ತಾರು ಗರಡಿಗಳೆಂದು ಸಂಪ್ರದಾಯದ ಎಣಿಕೆ, ಗರಡಿಯ ನೇಮದಲ್ಲಿ ಬೈದರ್ಕಳು ಮತ್ತೆ ಎದ್ದು ನಿಲ್ಲುತ್ತಾರೆ. ಅವರಿಗಾದ ಅನ್ಯಾಯ ಹಳೆಯ ಸುದ್ದಿಯಾಗದೆ ವರ್ಷ ವರ್ಷವೂ ಜನರ ಎದುರು ನಡೆಯುತ್ತದೆ. ಕಳೆದದ್ದು ಈಗಿನದರ ಒಳಗೆ ಕೂತಿರುತ್ತದೆ ಎಂಬ ವೈಟ್‌ಹೆಡ್ಡನ ಕಗ್ಗಂಟಿನ ಮಾತಿಗೆ ಇದಕ್ಕಿಂತ ಸುಲಭದ ವ್ಯಾಖ್ಯಾನ ನನಗೆ ತೋರುವುದಿಲ್ಲ.

ಇನ್ನು ನೇಮದ ರಾತ್ರಿ. ಪರವ, ಪಂಬದ ಅಥವಾ ನಲಿಕೆ ಸಮುದಾಯದ ಒಬ್ಬರು ಗುತ್ತಿನವರಿಂದ ಎಣ್ಣೆಬೂಳ್ಯ ಪಡೆದು ಸ್ನಾನ ಮಾಡಿ ಬರುತ್ತಾರೆ. ಮುಖಕ್ಕೆ ಅರದಾಳ ಹಚ್ಚುತ್ತಿರುವಾಗ ಮನೆಯ ಹೆಂಗಸು ತೆಂಬರೆ ಬಾರಿಸುತ್ತಾ ಆ ದೈವದ ಪಾಡ್ದನ ಹೇಳುತ್ತಾಳೆ. ದೈವ ಎಲ್ಲಿ ಹುಟ್ಟಿತು, ಯಾವ ಘಾಟಿ ಇಳಿಯಿತು, ಯಾವ ಊರಲ್ಲಿ ನೆಲೆಯಾಯಿತು ಎಂಬುದೆಲ್ಲ ಆ ಹಾಡಿನಲ್ಲಿ ಬರುತ್ತದೆ. ಕಾಲಿಗೆ ಗಗ್ಗರ ಕಟ್ಟಿದ ಮೇಲೆ ಮೈ ನಡುಗುತ್ತದೆ, ಬೆನ್ನಿಗೆ ಅಣಿ ಏರುತ್ತದೆ, ನುಡಿ ಹೊರಡುತ್ತದೆ. ಈಗ ಮಾತಾಡುತ್ತಿರುವವರು ಯಾರು?

ಹತ್ತೊಂಬತ್ತನೆಯ ಶತಮಾನದಲ್ಲಿ ಇದನ್ನು ಬರೆದಿಟ್ಟ ವಿದೇಶೀಯರಿಗೆ ಎರಡೇ ಉತ್ತರ ಗೊತ್ತಿತ್ತು: ಒಂದೋ ಇದು ಪಿಶಾಚಿಯ ಕೆಲಸ, ಅಲ್ಲವಾದರೆ ಮೋಸ. ನ್ಯಾಯಾಧೀಶರಾಗಿದ್ದ ಎ.ಸಿ. ಬರ್ನೆಲ್ ಸಂಗ್ರಹಿಸಿದ ಸಾಮಗ್ರಿ ಅವರು ತೀರಿಕೊಂಡ ಬಳಿಕ 1894ರಿಂದ 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಅಚ್ಚಾದಾಗ ಅದರ ತಲೆಬರಹವೇ 'ತುಳುವರ ಪಿಶಾಚಪೂಜೆ' ಎಂಬ ಅರ್ಥದ್ದಾಗಿತ್ತು. ಆದರೂ ಅವರಿಗೆ ನಾವು ಋಣಿಗಳು. ಬಾಸೆಲ್ ಮಿಶನ್ನಿನ ಮೆನ್ನರ್ 1886ರಲ್ಲಿ ಪಾಡ್ದನಗಳನ್ನು ಅಚ್ಚು ಹಾಕಿಸಿದ್ದರಿಂದ ಅವುಗಳ ಹಳೆಯ ಪಾಠ ನಮಗೆ ದೊರೆತಿದೆ. ಕಂಡದ್ದನ್ನು ದಾಖಲಿಸಿದರು, ಹೆಸರಿಡುವಲ್ಲಿ ಎಡವಿದರು. ಒಂದು ಶತಮಾನದ ನಂತರ ನಮ್ಮವರೇ ಆದ ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ, ಅಮೃತ ಸೋಮೇಶ್ವರ ಮೊದಲಾದ ವಿದ್ವಾಂಸರು ದೈವಾರಾಧನೆಯನ್ನು ಅದರದೇ ಪರಿಭಾಷೆಯಿಂದ ಅರಿಯುವ ಕೆಲಸ ಮಾಡಿದರು.

ಇಂದಿನ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಯೂ ಇದೇ ಮಾದರಿಯದು: ಅದು ನಿಜವೋ, ನಟನೆಯೋ? ಪ್ರಶ್ನೆಯ ಒಳಗೇ ಒಂದು ಊಹೆ ಅಡಗಿದೆ. ಒಂದು ಮೈಯಲ್ಲಿ ಒಬ್ಬನೇ 'ನಾನು', ಅವನು ಕಲ್ಲಿನಂತೆ ಗಟ್ಟಿ ಎಂಬ ಊಹೆ ಅದು. ಹಾಗೆ ಎಣಿಸಿದರೆ ಆ ರಾತ್ರಿ ಇನ್ನೊಬ್ಬ ಒಳಗೆ ಹೊಕ್ಕಿರಬೇಕು, ಇಲ್ಲವಾದರೆ ಇದ್ದವನೇ ಸುಳ್ಳು ಹೇಳುತ್ತಿರಬೇಕು. ಆದರೆ 'ನಾನು' ಎಂಬುದು ನೆನಪು, ಹಾಡು, ಲಯ, ಸುತ್ತ ನಿಂತವರ ನಿರೀಕ್ಷೆ ಎಲ್ಲ ಸೇರಿ ಕ್ಷಣ ಕ್ಷಣವೂ ಆಗುತ್ತಿರುವ ಸಂಗತಿ ಎಂದಿಟ್ಟುಕೊಳ್ಳಿ. ಆಗ ಚಿತ್ರ ಬೇರೆಯಾಗುತ್ತದೆ. ಗಗ್ಗರದ ಸದ್ದಿನಲ್ಲಿ, ಪಾಡ್ದನದ ನೆನಪಿನಲ್ಲಿ, ಊರವರ ಎದುರಿನಲ್ಲಿ ಬೇರೊಂದು ಅನುಭವಕೇಂದ್ರ ರೂಪುಗೊಳ್ಳುತ್ತದೆ, ಬೆಳಗಾಗುವಾಗ ಕರಗುತ್ತದೆ. ಅದನ್ನು ನಟನೆಯೆನ್ನುವುದು ಕಡಿಮೆಯಾಯಿತು. ಅದರಿಂದ ದೈವದ ಅಸ್ತಿತ್ವ ತರ್ಕದಿಂದ ಸಿದ್ಧವಾಯಿತು ಎನ್ನುವುದು ಹೆಚ್ಚಾಯಿತು. ಪ್ರಕ್ರಿಯಾ ದರ್ಶನ ಯಾವ ದೈವಕ್ಕೂ ಪ್ರಮಾಣಪತ್ರ ಕೊಡುವುದಿಲ್ಲ.

ಇಲ್ಲಿ ಮಧ್ವರ ಪ್ರಶ್ನೆ ಮತ್ತೆ ಎದ್ದು ಬರುತ್ತದೆ: ರಾತ್ರಿ ನುಡಿ ಕೊಟ್ಟವನು ಬೆಳಗ್ಗೆ ಇಲ್ಲವಾದರೆ ಆ ನುಡಿಗೆ ಹೊಣೆ ಯಾರು? ಗುತ್ತಿನ ಅಂಗಳದಲ್ಲಿ ಈ ಪ್ರಶ್ನೆಗೆ ಶತಮಾನಗಳಿಂದ ಒಂದು ಉತ್ತರ ನಡೆದುಬಂದಿದೆ. ಜಾಗದ ತಕರಾರಿಗೆ, ಅಣ್ಣತಮ್ಮಂದಿರ ಜಗಳಕ್ಕೆ ದೈವ ಕೊಟ್ಟ ತೀರ್ಮಾನವನ್ನು ಹಗಲಿನಲ್ಲೂ ಪಾಲಿಸುತ್ತಾರೆ. ಹೊಣೆ ಒಬ್ಬನ ತಲೆಯೊಳಗಿನ 'ನಾನು'ವಿನಲ್ಲಿಲ್ಲ, ನುಡಿ ಕೇಳಿದ ಸಮುದಾಯದಲ್ಲಿದೆ.

ಆದರೆ ಇದರ ಕಹಿಯನ್ನೂ ಹೇಳದೆ ಬಿಡಬಾರದು. ರಾತ್ರಿ ದೈವದ ಎದುರು ಕೈಮುಗಿದು ನಿಂತ ಒಡೆಯರು ಬೆಳಗಾದ ಮೇಲೆ ಅದೇ ಮನುಷ್ಯನನ್ನು ಅಂಗಳದಾಚೆ ನಿಲ್ಲಿಸುತ್ತಿದ್ದ ಕಾಲ ಬಹಳ ದೀರ್ಘವಾದದ್ದು. ಎಲ್ಲವೂ ಹರಿಯುತ್ತದೆ ಎಂದು ರಾತ್ರಿಯಿಡೀ ಕಂಡ ಸಮಾಜ ಜಾತಿಯನ್ನು ಮಾತ್ರ ಕಲ್ಲೆಂದು ನಂಬಿತು. ಹಾಗೆ ನಂಬಲು ಯಾವ ತತ್ತ್ವಶಾಸ್ತ್ರವೂ ಬೇಕಾಗಿರಲಿಲ್ಲ, ಭೂಮಿಯ ಒಡೆತನ ಸಾಕಾಗಿತ್ತು.

ಈ ಕಹಿಯನ್ನು ಹತ್ತಿರದಿಂದ ನೋಡಿ ಬರೆದವರು ಪುತ್ತೂರಿನಲ್ಲೇ ಇದ್ದರು. ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ಸುಮಾರು ನಾಲ್ಕು ದಶಕಗಳ ಕಾಲ ಪುತ್ತೂರನ್ನು ತಮ್ಮ ಊರಾಗಿಸಿಕೊಂಡರು. ಬಾಲವನದಲ್ಲಿ ಮಕ್ಕಳೊಂದಿಗೆ ಕುಣಿದರು, 1936ರಲ್ಲಿ ಮೂರು ಸಂಪುಟಗಳ 'ಬಾಲ ಪ್ರಪಂಚ'ವನ್ನು ಕೊಟ್ಟರು, ಮುಂದೆ 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳನ್ನು ಒಬ್ಬರೇ ಬರೆದರು. 'ಚೋಮನ ದುಡಿ' (1933) ಕಾದಂಬರಿಯ ಚೋಮ ಭೂಮಿಯ ಆಸೆಯಿಂದ ಮತ ಬದಲಿಸಲು ಹೊರಟಾಗ ಪಂಜುರ್ಲಿಯ ಮೇಲಿನ ಭಯಭಕ್ತಿ ಅವನನ್ನು ಹಿಂದಕ್ಕೆ ಎಳೆಯುತ್ತದೆ. ಕಾರಂತರು ಆ ಭಕ್ತಿಯನ್ನು ಗೇಲಿ ಮಾಡುವುದಿಲ್ಲ, ಕೊಂಡಾಡುವುದೂ ಇಲ್ಲ. ಅದು ಚೋಮನ ಒಳಗೆ ಹೇಗೆ ಕೆಲಸ ಮಾಡಿತು ಎಂಬುದನ್ನು ಮಾತ್ರ ತೋರಿಸುತ್ತಾರೆ.

ಹತ್ತು ವರ್ಷಗಳ ಬಳಿಕ ಬಂದ 'ಬೆಟ್ಟದ ಜೀವ' (1943) ಸುಬ್ರಹ್ಮಣ್ಯದ ಕಾಡಿನದು. ದಾರಿ ತಪ್ಪಿದ ಪ್ರಯಾಣಿಕನನ್ನು ದೇರಣ್ಣ, ಬಟ್ಯ ಎಂಬಿಬ್ಬರು ಗೋಪಾಲಯ್ಯನ ಮನೆಗೆ ಕರೆದೊಯ್ಯುತ್ತಾರೆ. ಕಾಡನ್ನು ತೋಟ ಮಾಡಿದ ಗೋಪಾಲಯ್ಯ, ಮನೆ ಬಿಟ್ಟುಹೋದ ಮಗನನ್ನು ಕಾಯುವ ಹೆಂಡತಿ ಶಂಕರಿ. ತೋಟವೆಂದರೆ ಆ ಮುದುಕನಿಗೆ ಆಸ್ತಿಪತ್ರದ ಎಕರೆಯಲ್ಲ, ದಿನವೂ ಮಾಡಿಕೊಂಡು ಹೋಗಬೇಕಾದ ಕೆಲಸ. ಒಂದು ಮಳೆಗಾಲ ಕೈಬಿಟ್ಟರೆ ಕಾಡು ಅದನ್ನು ಹಿಂದಕ್ಕೆ ಪಡೆಯುತ್ತದೆ.

ನಮ್ಮ ವಿಷಯದ ನಡುಗಂಬ ಎಂದರೆ 1968ರ 'ಮೂಕಜ್ಜಿಯ ಕನಸುಗಳು'. 1977ರ ಜ್ಞಾನಪೀಠ ಪ್ರಶಸ್ತಿ ಪಡೆದ ಈ ಕಾದಂಬರಿಯ ಊರು ಮೂಡೂರು. ಬಾಲ್ಯದಲ್ಲೇ ವಿಧವೆಯಾದ ಮೂಕಾಂಬಿಕೆ ಎಂಬ ಅಜ್ಜಿ ಅಶ್ವತ್ಥದ ಕೆಳಗೆ ಕೂರುತ್ತಾಳೆ. ಮೊಮ್ಮಗ ಸುಬ್ಬರಾಯ ಗುಹೆಯಿಂದ, ಗುಡ್ಡದಿಂದ ತಂದ ಹಳೆಯ ಎಲುಬು, ಕಲ್ಲು ಮುಂತಾದವನ್ನು ಅವಳ ಕೈಯಲ್ಲಿಟ್ಟರೆ ಆ ವಸ್ತು ಹಾದುಬಂದ ಕಾಲ ಅವಳ ಕಣ್ಣೆದುರು ಕಟ್ಟುತ್ತದೆ. ಕಲ್ಲು ಕಲ್ಲಾಗಿರದೆ ಬೇಟೆಯಾಗುತ್ತದೆ, ಭಯವಾಗುತ್ತದೆ, ಪೂಜೆಯಾಗುತ್ತದೆ. ದೇವರುಗಳೂ ಅವಳಿಗೆ ಹಾಗೆಯೇ ಕಾಣುತ್ತಾರೆ. ಮನುಷ್ಯನ ಬದುಕಿನ ಜೊತೆ ಹುಟ್ಟಿ, ರೂಪ ಬದಲಿಸಿ, ಒಬ್ಬರ ಪೀಠದ ಮೇಲೆ ಇನ್ನೊಬ್ಬರು ಕೂತು ಬಂದವರು ಅವರು. ಗಂಡು ಹೆಣ್ಣಿನ ಕಾಮವನ್ನು ಪಾಪವೆಂದು ಹಳಿಯುವ ವೈರಾಗ್ಯವನ್ನು ಅವಳು ಒಪ್ಪುವುದಿಲ್ಲ. ಜೀವ ಮುಂದುವರಿಯುವುದು ಅದರಿಂದಲೇ ತಾನೆ?

ವಿಜ್ಞಾನದ ಸಂಪುಟಗಳನ್ನು ಬರೆದ ವಿಚಾರವಾದಿ ಇಂಥ ಅತೀಂದ್ರಿಯ ಶಕ್ತಿಯ ಅಜ್ಜಿಯನ್ನು ಏಕೆ ಸೃಷ್ಟಿಸಿದರು ಎಂದು ಆಗಲೂ ಕೇಳಿದವರಿದ್ದರು, ಈಗಲೂ ಇದ್ದಾರೆ. ನನಗೆ ತೋರುವ ಉತ್ತರವಿದು. ಅಜ್ಜಿಯ ಶಕ್ತಿಯನ್ನು ಪವಾಡವೆಂದು ನಂಬಬೇಕೆಂಬ ಒತ್ತಾಯ ಕಾದಂಬರಿಯಲ್ಲಿಲ್ಲ. ಸುಬ್ಬರಾಯ ಪ್ರತಿ ಸಲವೂ ಅವಳ ಮಾತನ್ನು ತಾನು ಕಂಡ ಜಾಗಕ್ಕೆ, ತಾನು ಓದಿದ ಚರಿತ್ರೆಗೆ ತಾಳೆ ಹಾಕುತ್ತಾನೆ. ವಸ್ತುವಿನ ತೂಕ, ಉದ್ದ, ಬಣ್ಣಗಳನ್ನು ಬರೆದಿಟ್ಟುಕೊಂಡು ಇಷ್ಟೇ ಅದು ಎಂದು ತಿಳಿಯುವ ಬುದ್ಧಿಗೆ ಕಾರಂತರು ಕೊಟ್ಟ ಉತ್ತರ ಆ ಅಜ್ಜಿ. ಕಾರಂತರನ್ನು ವೈಟ್‌ಹೆಡ್ಡನ ಶಿಷ್ಯರೆಂದು ಕರೆಯಲು ನಾನು ಹೊರಟಿಲ್ಲ. ಅಂಥ ಹೊರಗಿನ ಗುರು ಬೇಕಾಗದಷ್ಟು ಸಾಮಗ್ರಿ ಅವರ ಸುತ್ತಲೇ ಇತ್ತು. ಕಾಯ ಮತ್ತು ಮಾಯದ ನಡುವೆ ದಾರಿ ಇದೆಯೆಂದು ಬಲ್ಲ ಜನರ ನಡುವೆ ಬದುಕಿದ ಲೇಖಕ, ಆ ದಾರಿಯಿಂದ ಪವಾಡವನ್ನು ತೆಗೆದಿಟ್ಟು ಚರಿತ್ರೆಯನ್ನು ನಡೆಸಿದರು ಎನ್ನಬಹುದು.

ಕಾರಂತರು ಕೊನೆಯ ವರ್ಷಗಳನ್ನು ಸಾಲಿಗ್ರಾಮದಲ್ಲಿ ಕಳೆದು 1997ರ ಡಿಸೆಂಬರ್ 9ರಂದು ತೀರಿಕೊಂಡರು. ಪುತ್ತೂರಿನ ಬಾಲವನದಲ್ಲಿ ಅವರ ಮನೆ ಇದೆ. 2019ರಲ್ಲಿ ಪಿ. ಶೇಷಾದ್ರಿಯವರು ಮೂಕಜ್ಜಿಯನ್ನು ತೆರೆಗೆ ತಂದರು. ಪಡುಮಲೆ, ಎಣ್ಮೂರು, ಸುಬ್ರಹ್ಮಣ್ಯ ಎಲ್ಲವೂ ಬಾಲವನದಿಂದ ಅರ್ಧ ದಿನದ ಬಸ್ಸಿನ ಪ್ರಯಾಣದೊಳಗಿವೆ. ನಿಮ್ಮ ಊರಿನ ನೇಮದಲ್ಲಿ ಪಾಡ್ದನ ಹೇಳುವ ಹೆಂಗಸು ಇನ್ನೂ ಇದ್ದರೆ, ಅಣಿ ಏರುವ ಹೊತ್ತಿಗೆ ಬರುವುದರ ಬದಲು ಅರದಾಳ ಹಚ್ಚುವ ಹೊತ್ತಿಗೇ ಹೋಗಿ ಕುಳಿತುಕೊಳ್ಳಿ. ತೆಂಬರೆಯ ಸದ್ದು ಬಹಳ ಸಣ್ಣದು, ದೂರ ನಿಂತರೆ ಕೇಳಿಸುವುದಿಲ್ಲ.